ದಂಡಿನ ನೆರೆಯಲ್ಲೊಂದು ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಈ ಎರಡನ್ನೂ ಮಾಡಿ ನೋಡಿದವನು ನಾನು. ಧಾರವಾಡದಲ್ಲಿ ಒಂದು ಸಣ್ಣ ಮನೆ ಕಟ್ಟಿದೆ. ಇಬ್ಬರು ಮಕ್ಕಳ ಮದುವೆ ಮಾಡಿದೆ. ಇನ್ನು ಕಷ್ಟವೆಲ್ಲ ತೀರಿತು, ಆರಾಮ ಕುರ್ಚಿಯಲ್ಲಿ ಕುಳಿತು ರೇಡಿಯೋ ಕೇಳುತ್ತ ಇದ್ದುಬಿಡೋಣ ಎಂದುಕೊಂಡಿದ್ದೆ. ಆಗ ತಿಳಿಯಿತು, ಹಿರಿಯರು ಮೂರನೆಯ ಮಾತೊಂದನ್ನು ಹೇಳಲು ಮರೆತಿದ್ದರೆಂದು. ಅದು ‘ಮನೆ ಹುಡುಕಿ ನೋಡು’ ಎಂಬುದು.

ನನ್ನ ಕಿರಿಯ ಮಗ ಸೈನ್ಯದಲ್ಲಿ ಹವಾಲ್ದಾರ. ಕೆಲವು ವರ್ಷ ಬೆಳಗಾವಿಯಲ್ಲಿ ಹೊಸ ಹುಡುಗರಿಗೆ ಶಿಕ್ಷಣ ಕೊಡುವ ಕೆಲಸದಲ್ಲಿದ್ದ. ಸರಕಾರ ಕೊಟ್ಟ ಮನೆಯಿತ್ತು. ಹೆಂಡತಿ, ಎರಡು ಮಕ್ಕಳು ಜೊತೆಗಿದ್ದರು. 2024ರ ಬೇಸಗೆಯಲ್ಲಿ ಅವನಿಗೆ ಗಡಿಯ ಕಡೆಗೆ ವರ್ಗವಾಯಿತು. ಅಲ್ಲಿಗೆ ಹೆಂಡಿರು ಮಕ್ಕಳನ್ನು ಕರೆದೊಯ್ಯುವ ಹಾಗಿಲ್ಲ. ಸರಕಾರದ ಮನೆಯನ್ನೂ ಬಿಟ್ಟುಕೊಡಬೇಕು. ದೊಡ್ಡ ಹುಡುಗಿ ಏಳನೆಯ ಇಯತ್ತೆ. ಶಾಲೆ ಬಿಡಿಸುವುದು ಬೇಡವೆಂದು ಸೊಸೆ ಹಟ ಹಿಡಿದಳು. ಮಗ ಹೊರಡುವ ಮೊದಲು ನನಗೆ ಫೋನು ಮಾಡಿ, “ಅಪ್ಪಾ, ಒಂದು ಮನಿ ನೋಡಿಕೊಡ್ರಿ. ಬಾಡಿಗಿ ಎರಡು ರೂಪಾಯಿ ಹೆಚ್ಚಾದರೂ ಅಡ್ಡಿಯಿಲ್ಲ. ನಾ ಇಲ್ಲದಾಗ ಇವರಿಗೆ ತ್ರಾಸ ಆಗಬಾರದು” ಎಂದ. ಬೇಡವೆನ್ನಲು ಬರುವ ಮಾತೆ ಅದು? ಒಂದು ನೋಟುಬುಕ್ಕು, ಒಂದು ಕೊಡೆ ಹಿಡಿದುಕೊಂಡು ಬೆಳಗಾವಿಯ ಬಸ್ಸು ಹತ್ತಿದೆ.

ಕೇಳುಗರೆ, ನಮ್ಮ ನಾಡಿನಲ್ಲಿ ಎಷ್ಟೋ ಮನೆಗಳ ಮಕ್ಕಳು ಸೈನ್ಯದಲ್ಲಿದ್ದಾರೆ. ಸೈನ್ಯದ ನೆಲೆಯ ಬಳಿ ಮನೆ ಹಿಡಿಯುವುದು, ಇಲ್ಲವೆ ಪಿಂಚಣಿಯ ಹಣದಲ್ಲಿ ಅಲ್ಲೊಂದು ನಿವೇಶನ ಕೊಳ್ಳುವುದು ಅನೇಕರ ವಿಚಾರದಲ್ಲಿ ಇರುತ್ತದೆ. ಆದ್ದರಿಂದ ಆ ಒಂದು ತಿಂಗಳಿನ ಅಲೆದಾಟದಲ್ಲಿ ನಾನು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಊರಿನ ಗುರುತು ಮಾಡಿಕೊಳ್ಳೋಣ. ಸೈನ್ಯ ಬೀಡುಬಿಟ್ಟ ಜಾಗಕ್ಕೆ ನಮ್ಮವರು ‘ದಂಡು’ ಎಂದರು. 1809ರಲ್ಲಿ ಶ್ರೀರಂಗಪಟ್ಟಣದಿಂದ ಇಂಗ್ಲಿಷರ ಪಡೆಗಳು ಬೆಂಗಳೂರಿಗೆ ಬಂದ ಮೇಲೆ ಬೆಳೆದ ಭಾಗವೂ ದಂಡೇ. ಬೆಳಗಾವಿಯಲ್ಲಿ ಅದಕ್ಕೆ ‘ಕ್ಯಾಂಪು’ ಎಂದು ಹೆಸರು. 1818ರಲ್ಲಿ ಇಂಗ್ಲಿಷರು ಬೆಳಗಾವಿಯ ಕೋಟೆಯನ್ನು ಪೇಶ್ವೆಯವರ ಕಡೆಯಿಂದ ಗೆದ್ದುಕೊಂಡರು. 1832ರಲ್ಲಿ ಅಲ್ಲಿ ಕಂಟೋನ್ಮೆಂಟು ಸ್ಥಾಪನೆಯಾಯಿತು. 1922ರಿಂದ ಮರಾಠಾ ಪದಾತಿದಳದ ಶಿಕ್ಷಣಕೇಂದ್ರ ಅಲ್ಲಿದೆ. ಊರಿನ ಮೂಡಣಕ್ಕೆ ಸಾಂಬ್ರಾದಲ್ಲಿ ವಾಯುಪಡೆಯ ಶಿಕ್ಷಣಕೇಂದ್ರವೂ ವಿಮಾನದಾಣವೂ ಇವೆ. ಎರಡು ಶತಮಾನಗಳಿಂದ ಊರು ಒಂದು ಕಡೆ, ದಂಡು ಒಂದು ಕಡೆ, ನಡುವೆ ಸಂತೆಯೂ ಶಾಲೆಯೂ ರಸ್ತೆಯೂ ಎಂದು ಕೂಡಿ ಬಾಳಿವೆ.

ದಂಡಿನ ನೆರೆ ಎಂಬುದು ಒಂದೇ ಬಗೆಯದಲ್ಲ, ಮೂರು ಬಗೆಯದು. ದಂಡಿನ ಮೇರೆಯ ಒಳಗೇ ಇರುವ ಮನೆಗಳು ಒಂದು. ದಂಡಿನ ಗೋಡೆಗೆ ತಾಗಿ ಹೊರಗಿರುವ ಮನೆಗಳು ಎರಡು. ನಾಲ್ಕಾರು ಕಿಲೋಮೀಟರು ದೂರದಲ್ಲಿದ್ದು ದಿನವೂ ಹೋಗಿಬರಬಹುದಾದ ಬಡಾವಣೆಗಳು ಮೂರು. ಒಂದೊಂದರ ಸುಖ ಬೇರೆ, ತೊಡಕು ಬೇರೆ.

ಒಳಗಿನ ಮಾತು ಮೊದಲು. ಕ್ಯಾಂಪಿನಲ್ಲಿ ನಡೆದಾಡಿದವರಿಗೆ ಅಲ್ಲಿಯೇ ಇರಬೇಕೆಂದು ಆಸೆಯಾಗದಿರದು. ದೊಡ್ಡ ದೊಡ್ಡ ಮರಗಳು, ಅಗಲವಾದ ರಸ್ತೆ, ಹೆಂಚಿನ ಹಳೆಯ ಬಂಗಲೆಗಳು. ಅಲ್ಲಿಯ ಆಡಳಿತ ಮಹಾನಗರಪಾಲಿಕೆಯದಲ್ಲ, ಕಂಟೋನ್ಮೆಂಟ್ ಬೋರ್ಡಿನದು. ಆ ನೆಲೆಯ ಹಿರಿಯ ಸೇನಾಧಿಕಾರಿಯೇ ಅದರ ಅಧ್ಯಕ್ಷ. 2006ರ ಕಂಟೋನ್ಮೆಂಟ್ ಕಾಯದೆಯಂತೆ ಅದು ನಡೆಯುತ್ತದೆ. ದೀಪ, ನೀರು, ಕಸ, ಮನೆ ಕಟ್ಟುವ ಪರವಾನಗಿ ಎಲ್ಲಕ್ಕೂ ಅದೇ ಬಾಗಿಲು ತಟ್ಟಬೇಕು.

ಬಾಡಿಗೆಗೆ ಇರುವವರಿಗೆ ಇದರಿಂದ ಬಾಧೆಯಿಲ್ಲ. ಕೊಳ್ಳಹೊರಟವರು ಮಾತ್ರ ಒಂದು ಸಂಗತಿಯನ್ನು ಚೆನ್ನಾಗಿ ತಿಳಿಯಬೇಕು. ದಂಡುಪ್ರದೇಶಗಳ ಅನೇಕ ಹಳೆಯ ಬಂಗಲೆಗಳು ‘ಓಲ್ಡ್ ಗ್ರಾಂಟ್’ ಎಂಬ ಹಕ್ಕಿನ ಮೇಲೆ ನಿಂತಿವೆ. ಹಾಗೆಂದರೇನು? ಗೋಡೆ, ಛಾವಣಿ, ಬಾಗಿಲು ಮನೆಯವನದು. ಕೆಳಗಿನ ನೆಲ ಸರಕಾರದ್ದು. ಸರಕಾರ ಬೇಕೆಂದಾಗ ತಿಳಿವಳಿಕೆ ಕೊಟ್ಟು, ಕಟ್ಟಡದ ಬೆಲೆ ಕಟ್ಟಿ, ನೆಲವನ್ನು ಹಿಂದಕ್ಕೆ ಪಡೆಯಬಹುದು. ಅದನ್ನು ಮಾರುವುದಕ್ಕೂ ಅಪ್ಪಣೆ ಬೇಕು. ಇನ್ನು ಕೆಲವು ಜಾಗಗಳು ಗುತ್ತಿಗೆಯವು. ಗುತ್ತಿಗೆಯ ಅವಧಿ ಎಷ್ಟು ಉಳಿದಿದೆಯೆಂದು ನೋಡಬೇಕು. ಯಾವ ಜಾಗ ಯಾವ ಬಗೆಯದು ಎಂಬುದನ್ನು ಭೂಮಿಯ ಸಾಮಾನ್ಯ ನೋಂದಣಿ ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ. ಮಾರುವವನ ಬಾಯಿಮಾತಿಗಿಂತ ಆ ಪುಸ್ತಕದ ಒಂದು ಸಾಲು ಹೆಚ್ಚು ನಿಜ ಹೇಳುತ್ತದೆ. ದಂಡಿನ ನಾಗರಿಕ ಭಾಗಗಳನ್ನು ಊರಿನ ಪೌರಸಂಸ್ಥೆಗಳಿಗೆ ಸೇರಿಸುವ ಕೆಲಸವನ್ನು ಕೇಂದ್ರ ಸರಕಾರ ಕೈಗೊಂಡಿದೆ. 2023ರ ಏಪ್ರಿಲಿನಲ್ಲಿ ಹಿಮಾಚಲದ ಯೋಲ್ ಎಂಬಲ್ಲಿ ಅದು ಮೊದಲಾಯಿತು. ಆದರೆ ಮುಂದೆ ಸೇರೀತೆಂಬ ಆಸೆಯ ಮೇಲೆ ಇಂದಿನ ಹಣ ಚೆಲ್ಲುವುದು ಜಾಣತನವಲ್ಲ.

ಎರಡನೆಯದು ಗೋಡೆಯ ಪಕ್ಕದ ನೆರೆ. ಇಲ್ಲಿ ನಿವೇಶನ ಕೆಲವೊಮ್ಮೆ ಅಗ್ಗಕ್ಕೆ ಸಿಗುತ್ತದೆ. ಅಗ್ಗವೇಕೆಂದು ಕೇಳುವವರು ಕಡಿಮೆ. ನಮ್ಮ ಸಂಬಂಧಿಕರೊಬ್ಬರು ಕೇಳಲಿಲ್ಲ. ಇಪ್ಪತ್ತೆಂಟು ವರ್ಷ ದೇಶದ ಸೇವೆ ಮಾಡಿ, ಬೇರೊಂದು ಊರಿನಲ್ಲಿ ಸೈನ್ಯದ ಕಾಂಪೌಂಡಿಗೆ ಹತ್ತಿ ಒಂದು ನಿವೇಶನ ಕೊಂಡರು. “ಗೋಡೆಯಾಚೆ ನಮ್ಮವರೇ ಇದ್ದಾರೆ, ಕಳ್ಳಕಾಕರ ಭಯವಿಲ್ಲ” ಎಂದು ಅವರ ಸಂತೋಷ. ಮನೆಯ ನಕಾಶೆಯನ್ನು ಕಚೇರಿಗೆ ಕೊಟ್ಟರೆ, ಸೈನ್ಯದ ಒಪ್ಪಿಗೆಪತ್ರ ತನ್ನಿರೆಂದರು. ಸೈನ್ಯದ ಒಪ್ಪಿಗೆ ಬರಲಿಲ್ಲ. ಮೇಲ್ಮನವಿ, ವಕೀಲರು, ಓಡಾಟ. ಆರು ವರ್ಷವಾಯಿತು, ಆ ನಿವೇಶನದಲ್ಲಿ ಇಂದಿಗೂ ಎಕ್ಕದ ಗಿಡಗಳೇ ಇವೆ. ಗೋಡೆಯಾಚೆ ಇದ್ದವರು ನಮ್ಮವರೇ. ಆದರೆ ಅವರು ನೋಡಬೇಕಾದದ್ದು ಕಾಯದೆಯನ್ನು.

ಈ ಕಾಯದೆ ಹೊಸದಲ್ಲ. 1903ರಷ್ಟು ಹಿಂದೆಯೇ ರಕ್ಷಣಾ ಕಾಮಗಾರಿಗಳ ಕಾಯದೆ ಎಂಬುದು ಬಂದಿದೆ. ರಕ್ಷಣೆಯ ನೆಲೆಗಳ ಸುತ್ತ ಕಟ್ಟಡ, ಅಡ್ಡಿಗಳು ಬಾರದಂತೆ ಜಾಗವನ್ನು ತೆರವಾಗಿಡಲು ಅದು ಕೇಂದ್ರ ಸರಕಾರಕ್ಕೆ ಅಧಿಕಾರ ಕೊಡುತ್ತದೆ. ಇದರ ಮೇಲೆ ರಕ್ಷಣಾ ಸಚಿವಾಲಯ 2011ರಲ್ಲಿ ಸೂಚನೆಗಳನ್ನು ಹೊರಡಿಸಿತು; 2016ರಲ್ಲಿ ಅವನ್ನು ಬದಲಿಸಿತು. ಗೋಡೆಯಿಂದ ಇಷ್ಟು ಅಂತರ ಎಂಬುದು ಎಲ್ಲ ಊರಿಗೂ ಒಂದೇ ಅಲ್ಲ. ಆದ್ದರಿಂದ ಪಕ್ಕದವನು ಮೂರು ಅಂತಸ್ತು ಎಬ್ಬಿಸಿದ್ದಾನಲ್ಲ, ನಮಗೇಕೆ ಬೇಡವೆಂದಾರು ಎಂದು ನಂಬಬಾರದು. ಅವನು ಕಟ್ಟಿದ್ದು ಯಾವ ವರ್ಷವೊ, ಪರವಾನಗಿ ಪಡೆದಿದ್ದಾನೊ ಇಲ್ಲವೊ! ಮುಂಗಡ ಕೊಡುವ ಮೊದಲೇ ಪೌರಸಂಸ್ಥೆಯಲ್ಲಿ ಬರವಣಿಗೆಯ ಮೂಲಕ ಕೇಳಿ, ಬರವಣಿಗೆಯ ಉತ್ತರ ಪಡೆಯಬೇಕು. ವಿಮಾನದಾಣದ ಸುತ್ತಲಂತೂ ಇಪ್ಪತ್ತು ಕಿಲೋಮೀಟರಿನ ವರೆಗೆ ಕಟ್ಟಡದ ಎತ್ತರಕ್ಕೆ ಕಟ್ಟಳೆಯಿದೆ. ಸಣ್ಣ ಮನೆಗೆ ತೊಂದರೆ ಕಡಿಮೆ; ಮಾಳಿಗೆಯ ಮೇಲೆ ಮಾಳಿಗೆ ಕಟ್ಟುವವರು ವಿಚಾರಿಸಬೇಕು.

ರಸ್ತೆಯದೂ ಒಂದು ಪ್ರಶ್ನೆ. ಮನೆಗೆ ಹೋಗುವ ದಾರಿ ಯಾರ ನೆಲದ ಮೇಲೆ ಹಾಯ್ದಿದೆ? ಸೈನ್ಯದ ನೆಲದ ಮೇಲಾದರೆ, ಇಂದು ತೆರೆದ ಗೇಟು ನಾಳೆ ಮುಚ್ಚಬಹುದು. ದೇಶದ ಅನೇಕ ದಂಡುಗಳಲ್ಲಿ ಹೀಗೆ ಮುಚ್ಚಿದ್ದ ರಸ್ತೆಗಳ ಬಗ್ಗೆ ಜನ ದೂರಿಕೊಂಡು, 2018ರ ಮೇ ತಿಂಗಳಲ್ಲಿ ಅವನ್ನು ತೆರೆಯಲು ರಕ್ಷಣಾ ಸಚಿವಾಲಯವೇ ಆಜ್ಞೆ ಮಾಡಬೇಕಾಯಿತು. ಭದ್ರತೆಯ ಕಾರಣವಿದ್ದರೆ ಮುಚ್ಚುವ ಅಧಿಕಾರ ಅವರಿಗುಂಟು. ಅದು ತಪ್ಪೂ ಅಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಮಗುವಿಗೆ ಜ್ವರ ಏರಿದಾಗ ಸುತ್ತಿ ಹೋಗುವ ದಾರಿ ಎಷ್ಟು ದೂರವೆಂದು ನಾವು ಮೊದಲೇ ತಿಳಿದಿರಬೇಕಲ್ಲವೆ? ನಾನು ನೋಡಿದ ಒಂದು ಮನೆಯಿಂದ ದವಾಖಾನೆಗೆ ಗೇಟಿನ ದಾರಿಯಲ್ಲಿ ಹತ್ತು ನಿಮಿಷ. ಸುತ್ತಿ ಹೋದರೆ ಮುಕ್ಕಾಲು ತಾಸು. ನೋಟುಬುಕ್ಕಿನಲ್ಲಿ ಆ ಮನೆಯ ಹೆಸರಿಗೆ ಗೀಟು ಎಳೆದೆ.

ಇನ್ನು ಸಪ್ಪಳದ ವಿಷಯ. ನಸುಕಿನಲ್ಲಿ ಕಹಳೆ ಊದುತ್ತಾರೆ. ಬೆಳಕು ಹರಿಯುವ ಮೊದಲೇ ಹುಡುಗರು ತುಕಡಿ ತುಕಡಿಯಾಗಿ ಓಡುತ್ತಾರೆ. ಗುಂಡು ಹಾರಿಸುವ ಮೈದಾನದಲ್ಲಿ ಅಭ್ಯಾಸವಿದ್ದ ದಿನ ಕೆಂಪು ನಿಶಾನೆ ಏರಿಸುತ್ತಾರೆ. ಅಂದು ದನ ಮೇಯಿಸಲು, ಸೌದೆ ಆರಿಸಲು ಆ ಕಡೆ ಸುಳಿಯಬಾರದು. ಮಕ್ಕಳಿಗೆ ಇದನ್ನು ಮೊದಲನೆಯ ದಿನವೇ ಹೇಳಬೇಕು. ಮೈದಾನದಲ್ಲಿ ಬಿದ್ದ ಯಾವ ಲೋಹದ ಚೂರನ್ನೂ ಮುಟ್ಟಬಾರದೆಂದೂ ಹೇಳಬೇಕು. ನಿಷೇಧವಿದ್ದ ಕಡೆ ಫೋಟೋ ತೆಗೆಯುವಂತಿಲ್ಲ. ಈಗ ಮದುವೆಗಳಲ್ಲಿ ಡ್ರೋನು ಹಾರಿಸಿ ಚಿತ್ರ ತೆಗೆಯುವ ಹವ್ಯಾಸ ಬಂದಿದೆ. 2021ರ ಡ್ರೋನ್ ನಿಯಮಗಳಂತೆ ಕೆಂಪು ವಲಯವೆಂದು ಗುರುತಿಸಿದಲ್ಲಿ ಸರಕಾರದ ಅನುಮತಿಯಿಲ್ಲದೆ ಅದನ್ನು ಹಾರಿಸಕೂಡದು. ಅಕ್ಷತೆ ಬೀಳುವ ಹೊತ್ತಿಗೆ ಪೊಲೀಸರು ಬಂದು ನಿಂತರೆ ಬೀಗರ ಮುಂದೆ ಮುಖವೆಲ್ಲಿ ಇಡುವುದು?

ಮೂರನೆಯ ಬಗೆ ತುಸು ದೂರದ ಬಡಾವಣೆಗಳು. ತೆಂಕಣಕ್ಕೆ ತಿಳಕವಾಡಿ ಇದೆ. ಅಲ್ಲಿ ಶಾಲೆ, ಅಂಗಡಿ, ವೈದ್ಯರು ಎಲ್ಲ ಹತ್ತಿರ. ಆದರೆ ನಡುವೆ ರೈಲುಹಳಿ. ಗೇಟು ಬಿದ್ದಾಗ ನಿಂತು ನಿಂತು ತಾಳ್ಮೆ ಕಲಿಯಬೇಕಾಗುತ್ತದೆ. ಮೂಡಣಕ್ಕೆ ಸಾಂಬ್ರಾದ ದಾರಿಯಲ್ಲಿ ಬಯಲು ಹೆಚ್ಚು, ಬಾಡಿಗೆ ಕಡಿಮೆ. ವಾಯುಪಡೆಯವರಿಗೆ ಅದು ಅನುಕೂಲ. ನಮ್ಮ ಹುಡುಗಿಗೆ ಶಾಲೆ ದೂರ. ಪಡುವಣಕ್ಕೆ ಕ್ಯಾಂಪಿನ ಮಗ್ಗುಲಲ್ಲಿ ಗಣೇಶಪುರ, ಹಿಂಡಲಗಾ. ಆ ಕಡೆ ಸೈನ್ಯದಿಂದ ನಿವೃತ್ತರಾದವರು ಅನೇಕರು ನೆಲೆಸಿದ್ದಾರೆ.

ನಾನು ಲೆಕ್ಕದ ಮಾಸ್ತರ. ಶಾಲೆಗೆ ಎಷ್ಟು, ಕ್ಯಾಂಟೀನಿಗೆ ಎಷ್ಟು, ಸೈನಿಕ ಆಸ್ಪತ್ರೆಗೆ ಎಷ್ಟು ಎಂದು ಕಿಲೋಮೀಟರುಗಳನ್ನು ಬರೆದು ಕೂಡಿಸಿ ಕಳೆದು ಮೂರು ಮನೆ ಆರಿಸಿದೆ. ಈ ಲೆಕ್ಕವೂ ಬೇಕು. ಸೈನ್ಯದ ಕ್ಯಾಂಟೀನಿನ ಇಲಾಖೆ 1948ರಿಂದ ಇದೆ. ಅಲ್ಲಿಯ ಅಗ್ಗದ ಸಾಮಾನಿನ ಲಾಭ ರಿಕ್ಷಾದ ಬಾಡಿಗೆಯಲ್ಲಿ ಕರಗಬಾರದು. ನಿವೃತ್ತರಿಗೆ 2003ರಿಂದ ಬೇರೆಯೇ ಆರೋಗ್ಯ ಯೋಜನೆ ಬಂದಿದೆ. ವಯಸ್ಸಾದವರು ಅದರ ಪಾಲಿಕ್ಲಿನಿಕ್ಕು ಎಲ್ಲಿದೆಯೆಂದು ನೋಡಬೇಕು. ಕೇಂದ್ರೀಯ ವಿದ್ಯಾಲಯಗಳು ಹುಟ್ಟಿದ್ದೇ ಇಂಥ ಮಕ್ಕಳಿಗಾಗಿ. 1963ರಲ್ಲಿ ಸೈನ್ಯದ ನೆಲೆಗಳಲ್ಲಿದ್ದ 20 ಶಾಲೆಗಳನ್ನು ತೆಗೆದುಕೊಂಡು ಆ ಏರ್ಪಾಡು ಶುರುವಾಯಿತು. ವರ್ಗವಾಗುವ ನೌಕರರ ಮಕ್ಕಳಿಗೆ ಅಲ್ಲಿ ಆದ್ಯತೆಯುಂಟು. ಆದರೂ ಜಾಗವಿದೆಯೆ ಎಂದು ಕೇಳಿಯೇ ಮನೆ ಹಿಡಿಯಬೇಕು.

ನನ್ನ ಮೂರು ಮನೆಗಳ ಪಟ್ಟಿಯನ್ನು ಸೊಸೆಯ ಕೈಗೆ ಕೊಟ್ಟೆ. ಅವಳು ಓದಿ, “ಮಾವಾರ, ಲೆಕ್ಕ ಬರೋಬ್ಬರಿ ಐತ್ರಿ. ಆದರ ನೀರು ಯಾವಾಗ ಬರತೈತಿ ಅಂತ ಬರದಿಲ್ಲಲ್ರಿ?” ಎಂದಳು. ನಾಚಿಕೆಯಾಯಿತು. ಬೆಳಗಾವಿಗೆ ರಾಕಸಕೊಪ್ಪ ಮತ್ತು ಹಿಡಕಲ್ಲ ಜಲಾಶಯಗಳಿಂದ ನೀರು ಬರುತ್ತದೆ. 2008ರ ಸುಮಾರಿಗೆ 10 ವಾರ್ಡುಗಳಲ್ಲಿ ದಿನವಿಡೀ ನೀರು ಕೊಡುವ ಏರ್ಪಾಡಾಗಿ ಅದು ದೇಶಕ್ಕೆಲ್ಲ ಸುದ್ದಿಯಾಯಿತು. ಆದರೆ ಒಂದು ಓಣಿಯ ಸುಖ ಮುಂದಿನ ಓಣಿಗೆ ಇರಬೇಕೆಂದಿಲ್ಲ. ಒಂದು ಮನೆಯ ಮುಂದೆ ನಿಂತು ಸೊಸೆ ಮಾಲಕರನ್ನು ಬಿಟ್ಟು, ಪಕ್ಕದ ಮನೆಯಲ್ಲಿ ಅರಿವೆ ಒಗೆಯುತ್ತಿದ್ದ ಹೆಣ್ಣುಮಗಳನ್ನು ಕೇಳಿದಳು. ಒಂದೇ ನಿಮಿಷದಲ್ಲಿ ನೀರು, ಕರೆಂಟು, ಮಳೆಗಾಲದಲ್ಲಿ ಅಂಗಳಕ್ಕೆ ನುಗ್ಗುವ ಕೆಸರು ಎಲ್ಲದರ ವಿವರ ಸಿಕ್ಕಿತು. ನಾನು ಒಂದು ವಾರದಲ್ಲಿ ಕಲೆಹಾಕದ್ದು ಅದು.

ಇದರಿಂದ ನಾನು ಒಂದು ನಿಯಮ ಮಾಡಿಕೊಂಡೆ. ಮನೆಯನ್ನು ಮೂರು ಸಲ ನೋಡಬೇಕು. ನಸುಕಿನಲ್ಲಿ ಒಮ್ಮೆ ಹೋಗಿ ನೀರು ಬರುವುದನ್ನೂ ಸಪ್ಪಳವನ್ನೂ ತಿಳಿಯಬೇಕು. ಶಾಲೆ ಬಿಡುವ ಹೊತ್ತಿಗೆ ಒಮ್ಮೆ ಹೋಗಿ ರಸ್ತೆಯನ್ನು ನೋಡಬೇಕು. ದೀಪ ಹಚ್ಚಿದ ಮೇಲೆ ಒಮ್ಮೆ ಹೋಗಿ, ಒಬ್ಬ ಹೆಣ್ಣುಮಗಳು ಒಂಟಿಯಾಗಿ ಆ ಓಣಿಯಲ್ಲಿ ನಡೆದುಬರಬಹುದೆ ಎಂದು ನೋಡಬೇಕು. ಸಾಧ್ಯವಾದರೆ ಮಳೆ ಸುರಿಯುವಾಗ ನಾಲ್ಕನೆಯ ಸಲ. ಬೆಳಗಾವಿಯ ಮಳೆ ಗೋಡೆಯ ಗುಟ್ಟನ್ನೆಲ್ಲ ಹೊರಗೆಡಹುತ್ತದೆ.

ಮಾಲಕರ ಸ್ವಭಾವವೂ ನೋಡತಕ್ಕದ್ದೆ. ಒಬ್ಬರು, “ಮಿಲಿಟರಿಯವರಿಗೆ ಕೊಡೂದಿಲ್ಲರಿ, ಎರಡು ವರ್ಷಕ್ಕ ಬಿಟ್ಟು ಹೊಕ್ಕಾರ” ಎಂದರು. ಇನ್ನೊಬ್ಬರು, “ಮಿಲಿಟರಿಯವರಿಗೇ ಕೊಡತೀನಿ, ತಿಂಗಳ ಒಂದನೇ ತಾರೀಖಿಗೆ ಬಾಡಿಗಿ ಬರತೈತಿ” ಎಂದರು. ಮತ್ತೊಬ್ಬರು, ಗಂಡಸರಿಲ್ಲದ ಮನೆಗೆ ಕೊಡಲಾರೆನೆಂದರು. ಆ ಮಾತು ನನ್ನ ಸೊಸೆಗೆ ನೆಟ್ಟಿತು. ಗಂಡ ಇಲ್ಲದ್ದು ಯಾರ ಕೆಲಸಕ್ಕಾಗಿ ಎಂದು ಅವಳು ಕೇಳಲಿಲ್ಲ. ಸುಮ್ಮನೆ ಹೊರಗೆ ಬಂದಳು. ಕೇಳುಗರಲ್ಲಿ ಮನೆ ಬಾಡಿಗೆಗೆ ಕೊಡುವವರು ಇದ್ದರೆ, ಇದೊಂದನ್ನು ದಯವಿಟ್ಟು ವಿಚಾರಿಸಿರಿ. ಬಾಡಿಗೆದಾರರ ಗುರುತುಪತ್ರ ಪಡೆದು ಠಾಣೆಗೆ ತಿಳಿಸಿರಿ, ಕರಾರು ಬರೆಸಿರಿ, ಅದೆಲ್ಲ ಸರಿ. ಆದರೆ ಗಡಿಯಲ್ಲಿ ನಿಂತವನ ಹೆಂಡತಿಗೆ ಊರಿನಲ್ಲಿ ಬಾಗಿಲು ಮುಚ್ಚಬೇಡಿರಿ.

ಕೊನೆಗೆ ಗಣೇಶಪುರದ ಕಡೆ ಒಂದು ಮನೆ ಸಿಕ್ಕಿತು. ನನ್ನ ಲೆಕ್ಕದಲ್ಲಿ ಅದು ಮೂರನೆಯದು. ಅಡಿಗೆಮನೆ ಸಣ್ಣದು, ಪಡಸಾಲೆಗೆ ಬೆಳಕು ಕಡಿಮೆ. ಸೊಸೆ ಅದನ್ನೇ ಆರಿಸಿದಳು. ಏಕೆಂದು ಕೇಳಿದರೆ, “ಎದರಿನ ಮನ್ಯಾಗ ಸುಭೇದಾರರ ಮನೆಯವರು ಅದಾರ್ರಿ. ನಾವು ಬಂದ ಕೂಡಲೆ ನೀರು ಕೊಟ್ಟು, ಹುಡುಗರ ಹೆಸರು ಕೇಳಿದರು” ಎಂದಳು. ಇದೇನು ಕಾರಣವೆಂದು ನಾನು ಮನಸ್ಸಿನಲ್ಲಿ ನಕ್ಕೆ.

ಒಂದು ವರ್ಷ ಕಳೆಯಿತು. 2025ರ ಮೇ 7ರಂದು ಗಡಿಯಲ್ಲಿ ಕಾದಾಟ ಹತ್ತಿದ ಸುದ್ದಿ ಬಂದಾಗ ನಾನೂ ನಮ್ಮ ಮನೆಯವರೂ ಬೆಳಗಾವಿಯಲ್ಲೇ ಇದ್ದೆವು. ಮಗನ ಫೋನು ಹತ್ತುತ್ತಿರಲಿಲ್ಲ. ಟೆಲಿವಿಜನ್ನಿನಲ್ಲಿ ಹಗಲಿರುಳು ಕೂಗಾಟ. ಸೊಸೆ ಉಣ್ಣದೆ, ಮಲಗದೆ ಅದರ ಮುಂದೆ ಕುಳಿತಳು. ನಾವು ಮುದುಕರು ಏನೆಂದು ಸಮಾಧಾನ ಹೇಳುವುದು? ನಮ್ಮ ಕೈಯೇ ನಡುಗುತ್ತಿತ್ತು. ಎರಡನೆಯ ರಾತ್ರಿ ಎದುರು ಮನೆಯ ತಾಯಿ ಬಂದರು. ಮನೆಯ ಮಾತು ಅವರದು ಮರಾಠಿ. ನಮ್ಮೊಡನೆ ಆಡುವುದು ಕನ್ನಡ. 1999ರ ಕಾರ್ಗಿಲ್ ದಿನಗಳಲ್ಲಿ ಹೀಗೆಯೇ ದಾರಿ ಕಾಯ್ದವರು. ಬಂದವರೇ ಟೆಲಿವಿಜನ್ ಬಂದ್ ಮಾಡಿದರು. “ರೇಡಿಯೋದಾಗ ವಾರ್ತೆ ಒಂದು ಸಲ ಕೇಳು, ಸಾಕು. ಖರೇ ಸುದ್ದಿ ಇದರಾಗ ಬರೂದಿಲ್ಲವ್ವಾ, ಬಾಗಲಕ್ಕ ಬರತೈತಿ. ಬಾಗಲಾ ಸುಮ್ಮನ ಐತಿ ಅಂದರ ಅಂವ ಆರಾಮ ಅದಾನ ಅಂತ ತಿಳಿ” ಎಂದು ಹೇಳಿ, ತಾವೇ ಹಿಟ್ಟು ನಾದಿ ಚಪಾತಿ ಮಾಡಿ, ಅವಳನ್ನು ಉಣ್ಣಿಸಿ, ಮಕ್ಕಳ ಮಗ್ಗುಲಲ್ಲಿ ಮಲಗಿದರು. ಮೂರು ರಾತ್ರಿ ಹೀಗೆ ನಡೆಯಿತು. 10ನೆಯ ತಾರೀಖು ಸಂಜೆ ಕಾದಾಟ ನಿಂತ ವಾರ್ತೆ ಬಂತು. ಮರುದಿನ ಫೋನು ಬಂತು. ಮಗ ಕೇಳಿದ್ದು ಒಂದೇ ಮಾತು: “ಎಲ್ಲಾರೂ ಊಟಾ ಮಾಡೀರಿಲ್ಲೊ?”

ಆ ಮೇಲೆ ಒಂದು ದಿನ ನನ್ನ ಹಳೆಯ ನೋಟುಬುಕ್ಕು ತೆಗೆದು ನೋಡಿದೆ. ಶಾಲೆ, ನೀರು, ದವಾಖಾನೆ, ರಸ್ತೆ, ಕಾಗದಪತ್ರ ಎಂದು ಗೆರೆ ಕೊರೆದ ಮನೆಗಳೆಲ್ಲ ಇದ್ದವು. ಇವುಗಳಲ್ಲಿ ಯಾವುದನ್ನೂ ಬಿಡಬೇಡಿರೆಂದೇ ನಿಮಗೂ ಹೇಳುತ್ತೇನೆ. ನೆಲ ಯಾರದೆಂದು ಪುಸ್ತಕದಲ್ಲಿ ನೋಡಿರಿ. ಗೋಡೆಯ ಅಂತರವನ್ನು ಬರವಣಿಗೆಯಲ್ಲಿ ಕೇಳಿರಿ. ದಾರಿಯನ್ನು ಕಾಲಿನಲ್ಲಿ ಅಳೆಯಿರಿ. ಆದರೆ ಪಟ್ಟಿಯ ಕೊನೆಗೆ ಇನ್ನೊಂದು ಮನೆ ಗೆರೆ ಎಳೆದು ‘ಎದುರು ಮನೆಯವರು’ ಎಂದು ಬರೆದುಕೊಳ್ಳಿರಿ. ನಾನು ಅದನ್ನು ಬರೆದುಕೊಂಡಿರಲಿಲ್ಲ. ನನ್ನ ಸೊಸೆ ಮೊದಲು ನೋಡಿದ್ದೇ ಅದನ್ನು.